ಕಡಲು ಮುಚ್ಚಿದಾಗ ಹೊಳಿಗಿ ಬರ್ರಿ

– ಕಾಕಾ, ಜೂನ್ 1ಕ್ಕೆ ಮಲ್ಪೆಯಲ್ಲಿ ಬೋಟುಗಳೆಲ್ಲ ದಡ ಸೇರ್ತವೆ. ಜುಲೈ 31ರ ತನಕ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಬಿಡುವಿನಲ್ಲಿ ಅಪ್ಪ, ಅಮ್ಮ, ಚಿಕ್ಕಪ್ಪನ ಮನೆಯವರು ಎಲ್ಲ ಸೇರಿ ಶಹಾಪುರಕ್ಕೆ ಬರ್ತಾರಂತೆ. ಮಗ ಮೇಷ್ಟ್ರಾಗಿ ಯಾವ ಊರು ಸೇರಿದ್ದಾನೆ ಅಂತ ನೋಡ್ಲಿಕ್ಕೆ. ಆದ್ರೆ ಅಪ್ಪ ಫೋನಿನಲ್ಲಿ ಕೇಳಿದ್ದು ಒಂದೇ ಮಾತು, ಕಡಲಿಲ್ಲದ ಊರಲ್ಲಿ ಮೂರು ದಿನ ಎಂತ ಮಾಡ್ಲಿಕ್ಕೆ ಉಂಟು ಅಂತ.

– ಬರ್ಲಿ ಬಿಡ್ರಿ ಮಾಸ್ತರ, ಕಡಲಿನ ಮಂದಿ ನಮ್ಮ ಮನಿಗಿ ಯಾವಾಗ ಬಂದಿದ್ರು? ಆದ್ರ ಮೊದಲ ನೀವು ಹೇಳ್ರಿ. ನಮ್ಮ ಶಹಾಪುರದ ಮಂದಿ ನಾಳಿ ಮಲ್ಪೆಗೆ ಬಂದ್ರ ಏನ್ ತೋರಸ್ತೀರಿ?

– ಬಂದವರು ನೇರ ಬೀಚಿಗೆ ಹೋಗ್ತಾರೆ. ಪ್ಯಾಂಟು ಮಡಚಿ ನೀರಲ್ಲಿ ನಿಂತು ಫೋಟೋ ತೆಗೀತಾರೆ. ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಉಂಟಾ ಕೇಳ್ತಾರೆ, ಮಳೆಗಾಲದಲ್ಲಿ ಬಿಡುವುದಿಲ್ಲ ಅಂದ್ರೆ ಮುಖ ಸಣ್ಣ ಮಾಡ್ತಾರೆ. ಹೋಟೆಲಿನಲ್ಲಿ ಅಂಜಲ್ ಫ್ರೈ ತಿಂದು ರಾತ್ರಿ ಬಸ್ಸು ಹತ್ತುತ್ತಾರೆ. ಅವರು ಮಲ್ಪೆ ನೋಡಿದರು ಅಂತ ನಾನು ಒಪ್ಪುವುದಿಲ್ಲ. ಸೀಸನ್ನಿನಲ್ಲಿ ಬೆಳಗಿನ ಜಾವ ಬಂದರಿಗೆ ಹೋಗ್ಬೇಕು. ಆಳಸಮುದ್ರದಿಂದ ಬಂದ ಟ್ರಾಲ್ ಬೋಟು ಖಾಲಿ ಮಾಡುವುದು, ನೆಲಕ್ಕೆ ಸುರಿದ ಮೀನಿನ ಸುತ್ತ ಹರಾಜು ಕೂಗುವುದು, ಮಂಜುಗಡ್ಡೆ ಪುಡಿ ಮಾಡಿ ಪೆಟ್ಟಿಗೆಗೆ ತುಂಬುವುದು, ಬುಟ್ಟಿ ಹೊತ್ತ ಹೆಂಗಸರು ರೇಟಿಗೆ ಗುದ್ದಾಡುವುದು, ಇದನ್ನೆಲ್ಲ ನೋಡ್ಬೇಕು. ಹೊರುವವರ ದಾರಿಗೆ ಅಡ್ಡ ನಿಲ್ಲಬಾರದು, ಕೇಳದೆ ಯಾರ ಮುಖದ ಫೋಟೋ ತೆಗೆಯಬಾರದು. ಬಂಗುಡೆ ಎಷ್ಟಕ್ಕೆ ಹೋಯ್ತು, ಬೂತಾಯಿ ಎಷ್ಟಕ್ಕೆ ಹೋಯ್ತು ಅಂತ ಕಿವಿಗೊಟ್ಟು ನಿಂತರೆ ಒಂದು ಗಂಟೆಯಲ್ಲಿ ಊರಿನ ಹಣಕಾಸು ಗೊತ್ತಾಗ್ತದೆ.

– ನಿಮ್ಮ ಅಪ್ಪಗ ಬೇಕಾದ ಉತ್ತರಾನೂ ಇದೇ ನೋಡ್ರಿ. ಮಂದಿ ದುಡಿಯೂ ಜಾಗಕ್ಕ, ದುಡಿಯೂ ಹೊತ್ತಿಗಿ ಹೋಗಬೇಕು. ಇಲ್ಲಿಗಿ ಬರವ್ರು ಗುಡ್ಡ ನೋಡ್ತಾರ, ಕೋಟಿ ನೋಡ್ತಾರ, ಹೋಗ್ತಾರ. ನಿಮ್ಮವ್ರು ನೀರಿನ ಮಂದಿ. ನೀರು ಎಲ್ಲಿಂದ ಬಂದು ಎಲ್ಲಿ ಹೋಗ್ತದ, ಅದರ ಬೆನ್ನ ಹತ್ರಿ. ಜುಲೈ ಕೊನೀ ವಾರ ಬರ್ಲಿ.

– ಯಾಕೆ ಕೊನೆಯ ವಾರ?

– ಮೂವತ್ತು ವರ್ಷ ಕಾಲುವಿ ಇಲಾಖೆದಾಗ ನೀರು ಅಳದಾವ ನಾನು, ಹೇಳ್ತೀನಿ ಕೇಳ್ರಿ. ಕೃಷ್ಣಾ ಹುಟ್ಟೂದು ಮಹಾಬಳೇಶ್ವರದಾಗ. ಅಲ್ಲಿಂದ ನಿಮ್ಮ ಅರಬ್ಬಿ ಸಮುದ್ರ ಬರೇ 64 ಕಿಲೋಮೀಟರ್. ಆದ್ರ ಹೊಳಿ ಆ ಕಡಿ ಹೊಳ್ಳಿ ಸುದ್ದಾ ನೋಡಂಗಿಲ್ಲ. ಪೂರ್ವಕ್ಕ ಮಾರಿ ಮಾಡಿ ಸುಮಾರು 1400 ಕಿಲೋಮೀಟರ್ ನಡದು ಬಂಗಾಳ ಕೊಲ್ಲಿ ಸೇರ್ತದ. ನಿಮ್ಮ ಕಡಲಿನ ಮ್ಯಾಲಿಂದ ಎದ್ದ ಮೋಡ ಸಹ್ಯಾದ್ರಿಗಿ ಬಡದು ಸುರೀತದ, ಕೊಯ್ನಾ ತುಂಬ್ತದ, ಆಲಮಟ್ಟಿ ತುಂಬ್ತದ, ಆಮ್ಯಾಲ ನಮ್ಮ ನಾರಾಯಣಪುರದ ಗೇಟ್ ತೆರೀತಾರ. ಎಲ್ಲಾ ಸೇರಿ ಜುಲೈ ಕೊನಿಗಿ ಬರ್ತದ. ನಿಮ್ಮ ಬೋಟು ದಡಕ್ಕ ಕಟ್ಟಿಸೂ ಮಳಿನ ನಮ್ಮ ಗೇಟ್ ತೆರಸ್ತದ.

– ಅಂದ್ರೆ ಅಪ್ಪನಿಗೆ ರಜೆ ಕೊಟ್ಟ ಮಳೆಯನ್ನೇ ಇಲ್ಲಿ ಬಂದು ನೋಡುವುದು.

– ಹೂಂ. ಅದೂ ಕೆಲವು ವರ್ಷ ಇಲ್ಲಿ ಒಂದು ಹನಿ ಬೀಳಲಾರದಾಗ. ಅದ ಮಜಾ. ನಮ್ಮ ಹೊಲ ಒಣಗಿ ಬಿರಕು ಬಿಟ್ಟಿರ್ತಾವ, ಮ್ಯಾಲ ಬಿಸಲು ಚುರುಚುರು ಅಂತಿರ್ತದ, ಬಾಜೂಕ ಹೊಳಿ ಎರಡೂ ದಂಡಿ ತುಂಬಿ ಕೆಂಪಗ ಹರೀತಿರ್ತದ. ಬ್ಯಾರೆಯವರ ಊರಿನ ಮಳಿ ನಮ್ಮ ಕಣ್ಣ ಮುಂದ ಹೋಗ್ತದ.

– ಡ್ಯಾಮಿಗೆ ಹೋದ್ರೆ ಎಂತ ಕಾಣ್ತದೆ?

– ಬಸವಸಾಗರ ಅಂತ ಹೆಸರು. 1982ರಾಗ ಮುಗೀತು. ಏರಿ ಉದ್ದ ಹತ್ತು ಕಿಲೋಮೀಟರಿಗೂ ಮಿಕ್ಕಿ ಅದ. ಅದರಾಗ 30 ಗೇಟ್. ಮ್ಯಾಲಿನ ಆಲಮಟ್ಟಿ 123 ಟಿಎಂಸಿ ಹಿಡೀತದ, ಇದು ಹಿಡಿಯೂದು 33ರ ಮ್ಯಾಲ ಚೂರು. ಹಂಗಾಗಿ ದೊಡ್ಡ ನೀರು ಬಂತಂದ್ರ ಇಟ್ಕೊಳ್ಳಾಕ ಜಾಗಿಲ್ಲ, ಬಂದಂಗ ಬಿಡಬೇಕು. ಗೇಟ್ ಎತ್ತಿದಾಗ ಎದುರಿಗಿ ನಿಂತ್ರ ಮಾತು ಕೇಳಂಗಿಲ್ಲ. ಹತ್ರದಾಗ ಛಾಯಾ ಭಗವತಿ ಗುಡಿ ಅದ, ಹೊಳಿ ದಂಡೀ ಮ್ಯಾಲ, ಕಲ್ಲಿನ ಸಂದಿಯಾಗ. ನೀರು ಹೆಚ್ಚು ಬಿಟ್ರ ಗುಡೀಗಿ ನೀರು ಸುತ್ತುವರೀತದ. ಹಂಗಾದ ದಿನ ದೂರದಿಂದ ಕೈಮುಗದು ಬರೂದು. ಸೆಲ್ಫಿ ಅಂತ ಇಳೀಬಾರದು.

– ಮೀನು? ಅಪ್ಪ ಡ್ಯಾಮ್ ನೋಡಿದ ಕೂಡಲೇ ಮೀನು ಎಲ್ಲಿ ಅಂತ ಕೇಳ್ತಾರೆ.

– ಹೊಸ ನೀರು ಬಂದಾಗ ಮೀನು ತತ್ತಿ ಇಡಾಕ ಸೆಳವಿಗಿ ಎದುರಾಗಿ ಮ್ಯಾಲಕ್ಕ ಏರತಾವ. ಗ್ವಾಡಿ ಅಡ್ಡ ಬಂತಂದ್ರ ಏರೂದು ಎಲ್ಲಿಗಿ? ಅದಕ್ಕ ಮೀನುಗಾರಿಕೆ ಇಲಾಖೆಯವ್ರು ಕಟ್ಲಾ, ರೋಹು ಮರಿ ತಂದು ಹಿನ್ನೀರಿಗಿ ಬಿಡ್ತಾರ. ಬೆಳದ ಮ್ಯಾಲ ಲೈಸೆನ್ಸ್ ಇದ್ದವ್ರು ಹಿಡೀತಾರ. ಸಣ್ಣ ಕೆರಿಗೋಳು ಗುತ್ತಿಗಿ ಮ್ಯಾಲ ಹೋಗ್ತಾವ. ನಿಮ್ಮಲ್ಲಿ ಸಮುದ್ರದ ಮೀನಿಗಿ ಮಾಲಕ ಯಾರೂ ಇಲ್ಲ. ಇಲ್ಲಿ ನೀರಿನಾಗಿದ್ದಾಗನ ಮೀನಿಗಿ ಮಾಲಕ ಇರ್ತಾನ. ನಿಮ್ಮ ಅಪ್ಪ ನಮ್ಮ ಅಂಬಿಗರ ಜೊತಿ ಕುಂತ್ರ ಇದರ ಮ್ಯಾಲನ ಒಂದು ತಾಸು ವಾದ ನಡೀತದ, ನೀವು ಸುಮ್ಕ ಕೇಳ್ರಿ.

– ಅಂಬಿಗರು ಎಲ್ಲಿ ಸಿಗ್ತಾರೆ?

– ತಿಂಥಣಿ ಕಡಿ ಹೋಗ್ರಿ. ಸುರಪುರದಿಂದ ಲಿಂಗಸುಗೂರು ದಾರಿ ಹಿಡದ್ರ ಕೃಷ್ಣಾ ದಾಟೂ ಮುಂದ ಬರ್ತದ. ಅಂಬಿಗರು, ಕಬ್ಬಲಿಗರು ನಮ್ಮ ಜಿಲ್ಲಾದಾಗ ಭಾಳ ಮಂದಿ ಅದಾರ. ಸಂಜೀಮುಂದ ಬಲಿ ಬಿಟ್ಟು ಮುಂಜಾನಿ ಎತ್ತೂದು ಅವರ ಪದ್ಧತಿ. ಆದ್ರ ಹೊಳಿ ತುಂಬಿದಾಗ ಅವರೂ ನೀರಿಗಿ ಇಳಿಯಂಗಿಲ್ಲ, ಮರದ ಬುಡಕ ಕುಂತು ಹರದ ಬಲಿ ಹೊಲೀತಿರ್ತಾರ.

– ಮಲ್ಪೆಯಲ್ಲೂ ಆ ತಿಂಗಳು ಅದೇ ಕೆಲಸ! ಶೆಡ್ಡಿನಲ್ಲಿ ಬಲೆ ಹರಡಿಕೊಂಡು ಕೂತಿರ್ತಾರೆ.

– ಮತ್ತ? ಆ ಕುಂತ ಜಾಗಕ್ಕ ಕರ್ಕೊಂಡು ಹೋಗ್ರಿ ನಿಮ್ಮ ಅಪ್ಪನ್ನ. ಇವರ ಹರಗೋಲು ನೋಡಿ ಅವರು ನಗಬಹುದು, ದುಂಡಗ ಇರೂ ದೋಣಿಗಿ ಮುಂದ ಯಾವುದು ಹಿಂದ ಯಾವುದು ಅಂತ. ಮೊದಲ ಬಿದಿರು ಹೆಣದು ಮ್ಯಾಲ ಚರ್ಮ ಬಿಗೀತಿದ್ರು, ಈಗ ಫೈಬರ್ ಬಂದಾವ. ಕಲ್ಲು, ಸುಳಿ ಇರೂ ಹೊಳಿಯಾಗ ಅದಕ್ಕಿಂತ ಛಲೋ ದೋಣಿ ಇಲ್ಲ. ಕಲ್ಲಿಗಿ ಬಡದ್ರ ಒಡಿಯಂಗಿಲ್ಲ, ತಿರುಗಿ ಹೋಗ್ತದ.

– ತಿಂಥಣಿಯಲ್ಲಿ ಮೌನೇಶ್ವರರ ಗುಡಿ ಉಂಟಲ್ಲ?

– ಅದ. ಹಿಂದೂಗಳಿಗಿ ಮೌನೇಶ್ವರ, ಮುಸಲ್ಮಾನರಿಗಿ ಮೌನುದ್ದೀನ್. ಎರಡೂ ಮಂದಿ ನಡ್ಕೋತಾರ, ಜಾತ್ರಿಗಿ ಸುತ್ತಲಿನ ಹಳ್ಳಿಯೆಲ್ಲ ಕೂಡ್ತದ. ನಿಮ್ಮ ಅಮ್ಮ ಒಳಗ ಹೋಗಿ ಬರ್ಲಿ, ಅಪ್ಪ ಹೊಳಿ ದಂಡಿಗಿ ಕುಂದರ್ಲಿ. ಆದ್ರ ದಂಡಿಗಿ ಕುಂದ್ರೂದಷ್ಟ. ಕೃಷ್ಣಾದಾಗ ಮೊಸಳಿ ಅದಾವ. ಸಮುದ್ರದಾಗ ಈಜ್ತೀನಿ ಅನ್ನೂ ಧೈರ್ಯ ಇಲ್ಲಿ ನಡಿಯಂಗಿಲ್ಲ. ಸಮುದ್ರದ ತೆರಿ ಹೊಳ್ಳಿ ದಡಕ್ಕ ತರ್ತದ ಅಂತೀರಿ, ಹೊಳೀ ಸೆಳವು ಹೊಳ್ಳಿ ತರಂಗಿಲ್ಲ.

– ಈ ಹೊಳೆ ಈಜಿ ದಾಟಿದ ಹೆಂಗಸಿನ ಸುದ್ದಿ ನಾನು ಕಾಲೇಜಿನಲ್ಲಿರುವಾಗ ಓದಿದ್ದೆ.

– ನೀಲಕಂಠರಾಯನ ಗಡ್ಡಿ. ಕಕ್ಕೇರಾ ಕಡಿ, ಹೊಳಿ ನಡಬರಕ ಇರೂ ಊರು. ಡ್ಯಾಮಿನಿಂದ ನೀರು ಬಿಟ್ರ ಸುತ್ತಲೂ ಹೊಳಿ, ಊರು ಒಂಟಿ ಆಗ್ತಿತ್ತು. 2014ರಾಗ ಒಂಬತ್ತು ತಿಂಗಳ ಗರ್ಭಿಣಿ, ಹೆರಿಗಿ ಹೊತ್ತಿಗಿ ಈ ಕಡಿ ದಂಡಿಗಿ ಇರಬೇಕು ಅಂತ, ಒಣಗಿದ ಸೋರಿಕಾಯಿ ಮೈಗಿ ಕಟ್ಕೊಂಡು, ತವರಮನಿಯವರ ಜೊತಿ, ತುಂಬಿದ ಹೊಳಿ ಈಜಿ ಬಂದ್ಳು. ಪೇಪರ್ ತುಂಬ ಅದ ಸುದ್ದಿ. ಮಂದಿ ಧೈರ್ಯ, ಧೈರ್ಯ ಅಂತ ಹೊಗಳಿದ್ರು. ನನಗ ಸಿಟ್ಟು ಬಂತು. ಆಕಿ ಧೈರ್ಯ ಮಾಡಿದ್ದು ದಾಟಾಕ ಬ್ಯಾರೆ ದಾರಿ ಇಲ್ಲದ್ದಕ್ಕ. ಗಡ್ಡಿಗೋಳನ್ನ ಪ್ರವಾಸಿ ಜಾಗ ಅಂತ ಯಾರಿಗೂ ತೋರಿಸಬ್ಯಾಡ್ರಿ. ಹೊಳಿ ಚಂದ ಕಾಣೂ ದಿನ ಅವರಿಗಿ ಕಷ್ಟದ ದಿನ.

– ಊಟದ ವಿಷಯಕ್ಕೆ ಬರುವಾ. ನಮ್ಮವರಿಗೆ ಹೊಳೆಮೀನು ಅಂದ್ರೆ ಮಣ್ಣು ವಾಸನೆ. ಅಮ್ಮ ಒಂದು ತುಂಡು ಬಾಯಿಗಿಟ್ಟು ಪಕ್ಕಕ್ಕೆ ಸರಿಸ್ತಾರೆ, ನನಗೆ ಈಗಲೇ ಕಾಣ್ತಾ ಉಂಟು.

– ವಾಸನಿ ಹೊಳೀ ಮೀನಿಂದು ಅಲ್ಲ, ನಿಂತ ನೀರಿನ ಮೀನಿಂದು. ಹರಿಯೂ ನೀರಿನ ಮೀನು ಅಂದಂದ ತಂದು, ಉಪ್ಪು ಹುಣಸಿಹುಳಿ ಹಚ್ಚಿ ತೊಳದು, ಸಾರು ಮಾಡಿದ್ರ ಗೊತ್ತಾಗಂಗಿಲ್ಲ. ನೀವು ತೆಂಗಿನಕಾಯಿ ರುಬ್ಬಿ ಮೀನನ್ನ ಮುಚ್ಚಿಡ್ತೀರಿ. ನಮ್ಮಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಒಣ ಕೊಬ್ಬರಿ, ಖಾರಪುಡಿ, ಮ್ಯಾಲ ಹುಣಸಿಹುಳಿ. ಬಿಸಿ ಜೋಳದ ರೊಟ್ಟಿ ಮುರದು ಅದ್ದಿ ತಿಂದು ನೋಡ್ಲಿ. ನಿಮ್ಮ ಅಮ್ಮ ಒಪ್ಪಲಿಕ್ಕಂದ್ರ ಪುಂಡಿಪಲ್ಯ, ಶೇಂಗಾ ಹಿಂಡಿ ಇದ್ದ ಇರ್ತಾವ. ಹುಳಿ ಬಲ್ಲ ಬಾಯಿಗಿ ಪುಂಡಿಪಲ್ಯ ಹಿಡಸ್ತದ.

– ಅನ್ನ?

– ಈಗ ಅನ್ನಕ್ಕೇನ್ರಿ ಬರ? ನಾ ಸಣ್ಣಾವಿದ್ದಾಗ ಅನ್ನ ಅಂದ್ರ ಹಬ್ಬ. ಜೋಳ, ತೊಗರಿ, ಸಜ್ಜಿ ಬೆಳೆಯೂ ನೆಲ ಇದು. ನಾರಾಯಣಪುರದ ಎಡದಂಡಿ ಕಾಲುವಿ ಬಂದ ಮ್ಯಾಲ ಸುರಪುರ, ಶಹಾಪುರ ಸೀಮಿ ಹಸರಾತು, ಎಲ್ಲಾರೂ ನೆಲ್ಲಿಗಿ ಬಿದ್ರು. ಕಾಲುವಿ ಹಾಕಿದ್ದು ಜೋಳ, ಹತ್ತಿ, ಶೇಂಗಾದಂಥ ಬೆಳಿಗಿ. ಮುಂದಿನವ್ರು ಗದ್ದಿ ತುಂಬ ನೀರು ನಿಲ್ಲಿಸಿದ್ರ ಕೊನೀ ಭಾಗದ ಹೊಲಕ್ಕ ನೀರು ಮುಟ್ಟಂಗಿಲ್ಲ. ಕೆಲವು ಕಡಿ ನೆಲ ಜವಳ ಹಿಡೀತು. ಇದನ್ನ ನಾನು ನೌಕರಿ ಇದ್ದಾಗಲೂ ಹೇಳೀನಿ, ಈಗಲೂ ಹೇಳ್ತೀನಿ, ಬೈಸ್ಕೊಂಡೀನಿ. ಬಸ್ಸಿನಾಗ ಕಿಟಕೀ ಕಡಿ ಕುಂತು ನೋಡ್ರಿ, ಒಂದು ಊರಿನಾಗ ಉಡುಪಿ ಹಂಗ ಹಸರು, ಇನ್ನೊಂದು ಊರಿನಾಗ ಬೋಳು. ನಡು ಇರೂದು ಒಂದು ತೂಬಷ್ಟ.

– ಸುರಪುರ ಪೇಟೆಗೆ ಒಂದು ದಿನ ಇಡುವಾ?

– ಅರ್ಧ ದಿನ ಸಾಕು. ಗುಡ್ಡದ ಮ್ಯಾಲ ಟೇಲರ್ ಮಂಜಿಲ್ ಅದ. ಮೆಡೋಸ್ ಟೇಲರ್ 1841ರಿಂದ 1853ರ ತನಕ ಇಲ್ಲಿದ್ದ. ಸಣ್ಣ ವಯಸ್ಸಿನ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನ ನೋಡ್ಕೊಂಡ. ಆ ಹುಡುಗ ಅವಗ ‘ಅಪ್ಪಾ’ ಅಂತ ಕರೀತಿದ್ದ. ಮುಂದ 1858ರಾಗ ಅದ ಹುಡುಗ ಇಂಗ್ಲಿಷರ ವಿರುದ್ಧ ನಿಂತ, ಸೋತ, ಸಿಕ್ಕ, ಅದ ವರ್ಷ ಗುಂಡೇಟಿಗಿ ಸತ್ತ. ಬಂಗಲೆ ವರಾಂಡದಾಗ ನಿಂತು ಕೆಳಗ ಊರು ನೋಡೂ ಮುಂದ ಇಬ್ಬರೂ ನೆನಪಾಗಬೇಕು. ಮಂದಿ ಒಬ್ಬಾಂವನ್ನ ಅಷ್ಟ ನೆನೀತಾರ.

– ಔರಂಗಜೇಬ್ ಕೂಡ ಇಲ್ಲಿಗೆ ಬಂದಿದ್ದ ಅಂತ ಪಾಠದಲ್ಲಿ ಉಂಟು.

– ವಾಗಣಗೇರಿ ಕೋಟಿ, 1705. ಬೇಡರ ನಾಯಕರ ಮ್ಯಾಲ ಮುತ್ತಿಗಿ ಹಾಕಿದ. ಅವನ ಜೀವಮಾನದ ಕಡೀ ಯುದ್ಧ ಅದ. ಕೋಟಿ ಸಿಕ್ತು, ನಾಯಕ ಸಿಗಲಿಲ್ಲ. ಆಮ್ಯಾಲ ಕೃಷ್ಣಾ ಹತ್ರ ದೇವಾಪುರದಾಗ ಡೇರೆ ಹಾಕಿ ಬ್ಯಾನಿ ಬಿದ್ದ, ಎದ್ದು ಅಹಮದನಗರಕ್ಕ ಹೋಗಿ 1707ರಾಗ ತೀರಿದ.

– ಬೋನಾಳ ಪಕ್ಷಿಧಾಮ?

– ಜುಲೈದಾಗ ಬ್ಯಾಡ. ಅದು ಸುರಪುರದ ನಾಯಕರು ಕಟ್ಟಿಸಿದ ಹಳೀ ಕೆರಿ, ಚಳಿಗಾಲದಾಗ ನೋಡಬೇಕು. ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಬರ್ತಾವ. ಡಿಸೆಂಬರದಾಗ ನೀವು ಒಬ್ಬರ ಹೋಗ್ರಿ.

– ಹಾಗಾದ್ರೆ ಮೂರನೆಯ ದಿನ ಶಹಾಪುರವೇ. ಮಲಗಿದ ಬುದ್ಧನ ಗುಡ್ಡ ನಮ್ಮ ಶಾಲೆಯ ದಾರಿಯಲ್ಲೇ ಕಾಣ್ತದೆ.

– ಅದನ್ನ ಎಲ್ಲಾರೂ ನೋಡ್ತಾರ, ನೀವೂ ನೋಡ್ರಿ. ನಾಕು ಗುಡ್ಡ ಸೇರಿ ಒಂದು ಮೈ ಕಂಡಂಗ ಕಾಣ್ತದ. ಅಲ್ಲೇ ಸನೇಕ ವಿಭೂತಿಹಳ್ಳಿ ಅದ. ಹೊಲದಾಗ ದೊಡ್ಡ ದೊಡ್ಡ ಕಲ್ಲುಗುಂಡು ಸಾಲಾಗಿ ಇಟ್ಟಾರ, ಕಬ್ಬಿಣ ಯುಗದ ಮಂದಿ. ಟೇಲರನ ಅದರ ಬಗ್ಗೆ ಮೊದಲ ಬರದಾಂವ. ಮಕ್ಕಳು ಓಡಾಡ್ಲಿ ಅಲ್ಲಿ. ನಿಮ್ಮ ಅಪ್ಪಗ ನಾನು ತೋರಿಸೂದು ಬ್ಯಾರೆ. ಈಗ ನೀವು ಕುಂತೀರಲ್ಲ, ಅದು ಏನು?

– ಪರ್ಸಿ. ಶಹಾಬಾದ್ ಕಲ್ಲು.

– ಅದು ಕಡಲಿನ ಕೆಸರು.

– ತಮಾಷೆ ಮಾಡ್ತೀರಿ.

– ಇಲ್ರಿ. ಭೂವಿಜ್ಞಾನದವ್ರು ಈ ಸೀಮಿಗಿ ಭೀಮಾ ಬೇಸಿನ್ ಅಂತಾರ. ಕಲಬುರಗಿ, ಶಹಾಬಾದ್, ವಾಡಿ, ಈ ಕಡಿ ಗೋಗಿ, ಹುಣಸಗಿ ತನಕ ಆಳ ಇಲ್ಲದ ಸಮುದ್ರ ಇತ್ತು. ಅದರ ತಳದಾಗ ಸುಣ್ಣದ ರಾಡಿ ಪದರಿನ ಮ್ಯಾಲ ಪದರು ಕುಂತು ಕಲ್ಲಾತು. ಹಾಳಿ ಬಿಡಿಸಿದಂಗ ಬಿಡತದಲ್ಲ ಪರ್ಸಿ, ಹಂಗ ಬಿಡೂದು ಅದಕ್ಕನ. ಶಹಾಪುರದ ಗುಡ್ಡ ಗ್ರಾನೈಟ್, ಅದು ಇನ್ನೂ ಹಳೇದು. ಗೋಗಿ ಕಡಿ ಹೋದ್ರ ಸುಣ್ಣಕಲ್ಲು ಶುರು. ವಯಸ್ಸು 54 ಕೋಟಿ ವರ್ಷಕ್ಕೂ ಹೆಚ್ಚು. ನಿಮ್ಮ ಸೇಂಟ್ ಮೇರೀಸಿನ ಕಂಬದ ಕಲ್ಲು ಮಡಗಾಸ್ಕರ್ ಬಿಟ್ಟು ಹೋದಾಗಿಂದು, 8 ಕೋಟಿ ಚಿಲ್ಲರೆ ವರ್ಷ. ಇದರ ಮುಂದ ಸಣ್ಣ ಕೂಸು.

– ಅಂದ್ರೆ ಈ ಕಲ್ಲಿನಲ್ಲಿ ಮೀನಿನ ಗುರುತು ಸಿಗ್ತದಾ? ಅಪ್ಪ ಕೇಳುವುದು ಅದನ್ನೇ.

– ಸಿಗಂಗಿಲ್ಲ. ಮೀನು ಅನ್ನೂ ಪ್ರಾಣಿ ಆಗ ಹುಟ್ಟಿರಲಿಲ್ಲ. ಮೀನಿಲ್ಲದ ಕಡಲು ಅದು. ನಿಮ್ಮ ಅಪ್ಪ ಅದನ್ನ ಕೇಳಿ ಏನಂತಾರ ಅಂತ ನನಗೂ ಕುತೂಹಲ ಅದ.

– ಮೀನಿಲ್ಲದಿದ್ರೆ ಅದು ಕಡಲೇ ಅಲ್ಲ ಅಂತಾರೆ.

– ಅನ್ಲಿ. ಗೋಗಿಗೂ ಕರ್ಕೊಂಡು ಹೋಗ್ರಿ. ಅಲ್ಲಿ ಚಂದಾ ಹುಸೇನಿ ದರ್ಗಾ ಹತ್ರ ಬಿಜಾಪುರದ ಆದಿಲಶಾಹಿ ಕಟ್ಟಿದ ಯೂಸುಫ್ ಆದಿಲ್ ಖಾನ್ ಮಣ್ಣಾಗ್ಯಾನ. ಗೋವಾ ಬಂದರು ಅವನ ಕೈಯಾಗ ಇತ್ತು. 1510ರಾಗ ಪೋರ್ಚುಗೀಸರು ಬಂದು ಕಸ್ಕೊಂಡ್ರು, ಅದ ವರ್ಷ ಅವನೂ ತೀರಿದ. ಸಮುದ್ರ ಕಳಕೊಂಡ ಸುಲ್ತಾನ ಮಲಗಿರೂದು ಸಮುದ್ರ ಒಣಗಿ ಕಲ್ಲಾದ ಊರಿನಾಗ. ಅದ ಗೋಗಿಯ ಸುಣ್ಣಕಲ್ಲಿನಾಗ ಈಗ ಯುರೇನಿಯಂ ಸಿಕ್ಕದ. ತೆಗಿಯೂದು ಬ್ಯಾಡ, ನೀರು ಕೆಡತದ ಅಂತ ಊರವ್ರು ತಡದಾರ. ಆ ಮಾತು ನೀವು ಎತ್ತಬ್ಯಾಡ್ರಿ, ಚಾ ಅಂಗಡಿಯವ್ರು ತಾವ ಎತ್ತತಾರ.

– ಬೇರೆ ಎಂತಾದ್ರೂ ಉಂಟಾ ಈ ಕಲ್ಲಿನ ಕಥೆ?

– ಹುಣಸಗಿ ಹತ್ರ ಇಸಾಂಪುರ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ವರ್ಷಗಟ್ಟಲೆ ಈ ಕಣಿವಿ ತಿರುಗಿ, ಅಗದು ತೋರಿಸ್ಯಾರ. ಆದಿಮಾನವರು ಇದ ಸುಣ್ಣಕಲ್ಲಿನ ಗಟ್ಟಿ ಪದರು ಕಿತ್ತು, ಅಲ್ಲೇ ಕುಂತು ಕೈಗೊಡಲಿ ಮಾಡ್ತಿದ್ರು. ಸುಮಾರು 12 ಲಕ್ಷ ವರ್ಷದ ಹಿಂದ ಅಂತ ಕಾಲ ಕಟ್ಟ್ಯಾರ. ಸಮೀಪದ ಬೂದಿಹಾಳದಾಗ ದನ ಸಾಕಿದ ಹೊಸ ಶಿಲಾಯುಗದ ಮಂದಿ ಸೆಗಣಿ ಸುಟ್ಟ ಬೂದಿದಿಬ್ಬ ಅದ. ನಮ್ಮ ನೆಲದಾಗ ಪ್ರಪಂಚಕ್ಕ ಹೇಳೂವಂಥಾದ್ದು ಇದು ಒಂದ ನೋಡ್ರಿ, ಬಾಕಿ ಕೋಟಿ ಕೊತ್ತಲ ಎಲ್ಲಾ ಕಡಿ ಅದಾವ. ಆದ್ರ ಟಿಕೀಟಿಲ್ಲ, ಗೈಡಿಲ್ಲ. ಹೊಲದ ನಡಬರಕ ನಿಂತು ನಿಮಗ ನೀವ ತಿಳ್ಕೋಬೇಕು.

– ಅಪ್ಪನಿಗೆ ಅದು ಹಿಡಿಸ್ತದೆ ಅನ್ಸುತ್ತೆ. ಕೈಯಲ್ಲಿ ಮಾಡಿದ ಹತ್ಯಾರು ಅಂದ್ರೆ ಅವರು ತಿರುಗಿಸಿ ತಿರುಗಿಸಿ ನೋಡ್ತಾರೆ. ಒಂದೆರಡು ಕಲ್ಲು ಮಲ್ಪೆಗೆ ತಗೊಂಡು ಹೋಗ್ತೇನೆ ಅಂತಲೂ ಹೊರಡಬಹುದು.

– ಅದನ್ನಷ್ಟ ಬಿಡಬ್ಯಾಡ್ರಿ ಮಾಸ್ತರ. ಕೈಯಾಗ ಹಿಡದು ನೋಡ್ಲಿ, ಇದ್ದ ಜಾಗದಾಗ ಇಡ್ಲಿ. ಎದ್ದು ಬಂದ ಕಲ್ಲು ಬರೇ ಕಲ್ಲು. ಯಾವ ಕಲ್ಲಿನ ಬಾಜೂಕ ಯಾವ ಚೂರು ಬಿದ್ದದ ಅನ್ನೂದರ ಮ್ಯಾಲ ಅಲ್ಲಿ ಎಷ್ಟು ಮಂದಿ, ಹ್ಯಾಂಗ ಕುಂತಿದ್ರು ಅಂತ ಪಂಡಿತರು ಲೆಕ್ಕ ಹಾಕ್ತಾರ. ಒಂದು ಎತ್ತಿದ್ರ ಆ ಲೆಕ್ಕ ಕೆಡತದ. ಮಕ್ಕಳ ಕಿಸೆ ನೋಡಿ ಆಮ್ಯಾಲ ಗಾಡಿ ಹತ್ತಿಸ್ರಿ.